ಉಡಿಗಾಲದ ಮರಿಮಲ್ಲಪ್ಪನ ಕುಸ್ತಿ

“ಎಲ್ರೂ ಎದ್ದು ನಿಂತ್ಕಳಿ” ಎಂದು ಮೃತ್ಯುಂಜಯ ಮೈಕಿನಲ್ಲಿ ಕೂಗಿದ. ಚಾಮರಾಜನಗರದ ಅಖಾಡದ ಸುತ್ತ ಕೂತಿದ್ದ ಜನ ಎದ್ದರು. ಅವನು ಕೈಲಿದ್ದ ಚೀಟಿಯ ಒಂದೇ ಸಾಲನ್ನು ಓದಿದ: ಉಡಿಗಾಲದ ಪೈಲ್ವಾನ್ ಮರಿಮಲ್ಲಪ್ಪ ತೀರಿಕೊಂಡಿದ್ದಾರೆ, ಒಂದು ನಿಮಿಷ ಮೌನ. ಮುಂದಿನ ಸಾಲಿನ ಕುರ್ಚಿಯಿಂದ ಮರಿಮಲ್ಲಪ್ಪನ ಹೆಂಡತಿ ಚಿಕ್ಕಮಲ್ಲಮ್ಮನೂ ಎದ್ದಳು. ಕುಸ್ತಿ ಕಮಿಟಿಯವರು ಹೊದಿಸಿದ್ದ ಶಾಲನ್ನು ಮಡಚಿ ಎದೆಗೊತ್ತಿಕೊಂಡಿದ್ದಳು.

ನಿಮಿಷ ಕಳೆಯಿತು. ಕಮಿಟಿಯ ರಘುನಾಥ ಬಗ್ಗಿ ಹೇಳಿದ: “ಎರಡು ಮಾತಾಡಿ ಮುಗ್ಸಿ ಅಣ್ಣೋರೆ. ಮೊದಲ್ನೇ ಜೋಡಿ ಮಣ್ಣಿಗಿಳಿದು ಕಾಯ್ತಾ ಅವ್ರೆ.”

ಹಂಗಳದ ಮೃತ್ಯುಂಜಯನಿಗೆ ಹೆಸರು ಬಂದದ್ದೇ ಈ ಅಖಾಡದಲ್ಲಿ. ನಲವತ್ತು ವರ್ಷದ ಹಿಂದೆ, ಇನ್ನೂ ಮೀಸೆ ಬಲಿಯದ ಹುಡುಗ, ಉಡಿಗಾಲದ ಮರಿಮಲ್ಲಪ್ಪನಂಥವನನ್ನು ಬೆನ್ನು ಮಣ್ಣಿಗೆ ತಾಕಿಸಿ ಚಿತ್ ಮಾಡಿದ ಎಂದು ಗುಂಡ್ಲುಪೇಟೆಯವರೆಗೂ ಸುದ್ದಿಯಾಗಿತ್ತು. ಆಮೇಲೆ ಮೈಸೂರಿನ ದಸರಾ ಕುಸ್ತಿ, ಕೊಲ್ಲಾಪುರ, ಬೆಳ್ಳಿಗದೆ. ಮಂಡಿ ಸೋತ ಮೇಲೆ ಮೈಕು ಹಿಡಿದ. ಪಟ್ಟು ಬಿದ್ದ ಗಳಿಗೆಯಲ್ಲೇ ಅದರ ಹೆಸರು ಹೇಳುವನು. ಕಣ್ಣಾರೆ ಕಾಣದ್ದನ್ನು ಒಂದು ಮಾತೂ ಆಡುವವನಲ್ಲ. ರೆಫರಿ ಕೈ ಎತ್ತುವುದಕ್ಕೆ ಮೊದಲೇ ಜನ ಅವನ ಮಾತಿಗೆ ಕಿವಿಗೊಡುತ್ತಿದ್ದರು.

ಮರಿಮಲ್ಲಪ್ಪ ಮಾತ್ರ ಆ ದಿನದಿಂದ ಅಖಾಡ ಮೆಟ್ಟಲಿಲ್ಲ. ‘ನಾನ್ ಗೆದ್ದೆ, ನಾನ್ ಗೆದ್ದೆ’ ಎಂದು ಅವತ್ತು ಕೂಗಾಡಿದ್ದೇ ಅವನಿಗೆ ಹೆಸರಾಗಿ ಅಂಟಿಕೊಂಡಿತು.

ಜನ ಕೂರುವಾಗ ಹಿಂದಿನಿಂದ ಯಾರೋ ಕೇಳಿದರು: “ಯಾವ್ ಮಲ್ಲಪ್ಪನ್ಲಾ ಸತ್ತಿರದು?”

“ಅದೇ ಕಣ್ಲಾ, ನಾನ್‌ಗೆದ್ದೆ ಮಲ್ಲಪ್ಪ!”

“ಅಯ್ಯೋ, ಯಮನ್‌ತಾವೂ ಅದ್ನೇ ಯೋಳ್ತಾವ್ನೋ ಏನೋ!”

ನಾಲ್ಕಾರು ಜನ ಕಿಸಕ್ಕನೆ ನಕ್ಕರು. ಚಿಕ್ಕಮಲ್ಲಮ್ಮ ತಿರುಗಿ ನೋಡಲಿಲ್ಲ. ಕೇಳಿ ಕೇಳಿ ಪಳಗಿದ ಕಿವಿ. ಶಾಲಿನ ಮಡಿಕೆಯನ್ನು ಬಿಚ್ಚಿ ಮತ್ತೆ ಮಡಚಿದಳು.

ಮೃತ್ಯುಂಜಯ ಚೀಟಿಯನ್ನು ಜೇಬಿಗಿಟ್ಟ.

“ಒಂದು ಕುಸ್ತಿ ಯೋಳ್ತೀನಿ, ಕೇಳಿ. ಉಡಿಗಾಲದ ಮರಿಮಲ್ಲಪ್ಪ, ಹಂಗಳದ ಮೃತ್ಯುಂಜಯ. ಹದಿನೆಂಟು ನಿಮಿಷ ಆಗದೆ, ಇಬ್ರೂ ಬಗ್ಗಿಲ್ಲ. ಅಗೋ, ಮಲ್ಲಪ್ಪ ಒಳಕ್ಕೆ ನುಗ್ಗುದ್ರು! ಸೊಂಟ ಸಿಕ್ತು. ಎತ್ತುದ್ರು! ಮೃತ್ಯುಂಜಯನ ಕಾಲು ನೆಲ ಬುಟ್ಬುಟ್ಟವೆ…”

ಜನ ಸಿಳ್ಳೆ ಹಾಕಿದರು. ಮಣ್ಣಿನಲ್ಲಿದ್ದ ಹುಡುಗರಿಬ್ಬರೂ ತೊಡೆ ತಟ್ಟುವುದನ್ನು ಬಿಟ್ಟು ಇತ್ತ ತಿರುಗಿದರು.

“ಕೆಡವುದ್ರು! ಎಡಭುಜ ತಾಕ್ತು. ಬಲಭುಜ ತಾಕ್ತು. ಬೆನ್ನು ಪೂರಾ ಮಣ್ಣಿಗೆ ಬಿತ್ತು ಕಣ್ರಪ್ಪ. ರೆಫರಿ ಆಚೆ ಮಗ್ಗುಲಲ್ಲವ್ರೆ, ಅವ್ರಿಗೆ ಕಾಣ್ನಿಲ್ಲ. ಮಲ್ಲಪ್ಪ ಗೆದ್ದೆ ಅಂತ ಹಿಡಿತ ಬುಟ್ರು. ಎದ್ದು, ಜನದ ಕಡೀಕೆ ತಿರುಗಿ ಕೈ ಎತ್ತುದ್ರು. ಬಿದ್ದಿದ್ದೋನು ಸುಮ್ನೆ ಎದ್ದ. ಹಿಂದ್ಲಿಂದ ಹೋಗಿ ಕಾಲು ಎಳ್ದ. ಮಲ್ಲಪ್ಪ ಚಿತ್. ರೆಫರಿ ಕಂಡಿದ್ದು ಇದೊಂದ್ನೇ.”

ಸಿಳ್ಳೆ ನಿಂತಿತು. ರಘುನಾಥ ಮೈಕಿಗೆ ಕೈ ಹಾಕಿದ. “ಅಣ್ಣೋರೆ, ಸಾಕು ಬುಡಿ. ನಿಮ್ಮ ಮರ್ವಾದೆ ನೀವೇ ಕಳ್ಕತಿದ್ದೀರಲ್ಲ!”

ಮೃತ್ಯುಂಜಯ ಅವನ ಕೈ ಸರಿಸಿದ.

“ಬಿದ್ದಿದ್ದೋನು ನಾನು. ಬೆನ್ನು ತಾಕಿದ್ದು ನಂಗೆ ಗೊತ್ತಿತ್ತು. ಅವತ್ತಿನ ಕುಸ್ತಿ ಗೆದ್ದೋರು ಮರಿಮಲ್ಲಪ್ಪ. ಅವ್ರು ಕೂಗಿದ್ದೇ ದಿಟ.”

ಮೈಕನ್ನು ಮೇಜಿನ ಮೇಲಿಟ್ಟ. ಎಲ್ಲೋ ಒಬ್ಬ ‘ಥೂ’ ಎಂದ. ಯಾರಿಗೆಂದು ಯಾರೂ ಕೇಳಲಿಲ್ಲ.

ಚಿಕ್ಕಮಲ್ಲಮ್ಮ ಶಾಲನ್ನು ಕುರ್ಚಿಯ ಮೇಲಿಟ್ಟು ವೇದಿಕೆಯ ಹತ್ತಿರ ಬಂದಳು. ಅಳುತ್ತಿರಲಿಲ್ಲ.

“ಮೂರು ತಿಂಗ್ಳು ಆಸ್ಪತ್ರೇಲಿ ಮಲಗಿದ್ರು ಕನಪ್ಪ ಅವ್ರು. ಹಂಗಳದಿಂದ ಬಸ್ಸಿರ್ನಿಲ್ವಾ?”

ಮೃತ್ಯುಂಜಯ ವೇದಿಕೆಯ ಅಂಚಿಗೆ ಬಂದ.

“ನಂಗೂ ಒಂದಿನ ಅನುಮಾನ ಬಂದಿತ್ತು” ಎಂದಳು ಅವಳು ಮೆಲ್ಲಗೆ. “ಹೋಗ್ಲಿ ಬುಡಿ, ಸೋತಿದ್ದೀನಿ ಅಂತ ಒಪ್ಕಬುಡಿ ಅಂದ್ಬುಟ್ಟಿದ್ದೆ. ಅವತ್ತು ಉಣ್ನಿಲ್ಲ ಅವ್ರು.” ಮಣ್ಣಿನ ಕಡೆ ತಿರುಗಿದಳು. “ಎಲ್ಲಿ ಬಿದ್ದಿದ್ದೆ ನೀನು? ತೋರ್ಸು.”

ಮೃತ್ಯುಂಜಯ ಚಪ್ಪಲಿ ಬಿಟ್ಟು ಕೆಳಗಿಳಿದ. ಹುಡುಗರು ದಾರಿ ಬಿಟ್ಟರು. ನಲವತ್ತು ವರ್ಷದಲ್ಲಿ ಈ ಮಣ್ಣನ್ನು ಎಷ್ಟು ಸಲ ತೆಗೆದು ಹೊಸದು ತುಂಬಿದ್ದರೋ. ಆದರೂ ಜಾಗ ಅವನಿಗೆ ಗೊತ್ತಿತ್ತು: ಮೂಡಲ ಕಟ್ಟೆಯಿಂದ ಎರಡು ಮಾರು. ಅಲ್ಲಿಗೆ ಹೋಗಿ ನಿಂತ. ಸವೆದ ಮಂಡಿಯನ್ನು ಕಷ್ಟದಿಂದ ಮಡಚಿ, ನೆಲಕ್ಕೆ ಕೈಯೂರಿ ಕೂತ. ಆಮೇಲೆ ನಿಧಾನಕ್ಕೆ, ಎಡಭುಜ, ಬಲಭುಜ, ಒಗೆದ ಬಿಳಿ ಅಂಗಿಯ ಬೆನ್ನನ್ನು ಪೂರಾ ಮಣ್ಣಿಗೆ ಕೊಟ್ಟು ಮಲಗಿದ. ಅರಿಸಿನ, ಮಜ್ಜಿಗೆ ಬೆರೆತ ಮಣ್ಣು ತಣ್ಣಗಿತ್ತು.

ಯಾರೂ ನಗಲಿಲ್ಲ. ಚಿಕ್ಕಮಲ್ಲಮ್ಮ ಕಟ್ಟೆಯ ಅಂಚಿಗೆ ಬಂದು, ತಲೆಯ ಮೇಲೆ ಸೆರಗೆಳೆದುಕೊಂಡು ನೋಡುತ್ತ ನಿಂತಳು. ಏಳೆಂದು ಅವಳು ಹೇಳಲಿಲ್ಲ. ಅವನೂ ಏಳಲಿಲ್ಲ.