ಉಡಿಯೊಳಗೆ ಬಂದ ತುಂಗಕ್ಕ

ಹಳೆಯ ಕಾರು ಕಂಡರೆ ನಮ್ಮ ಮನೆಯವರು ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, ಜ್ವರ ಬಂದ ಕೂಸಿನ ಹಣೆ ಮುಟ್ಟಿದವರ ಹಾಗೆ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ. ಆಮೇಲೆ ನಾನು ತೋಳು ಹಿಡಿದು ಎಳೆಯಬೇಕು. ಸಂತೆಯಲ್ಲಿ ಹೀಗಾಗಿದೆ, ಮದುವೆ ಮನೆಯಲ್ಲಿ ಹೀಗಾಗಿದೆ. ಒಮ್ಮೆ ಪರಿಚಯದವರೊಬ್ಬರು ತೀರಿಕೊಂಡಾಗ ನೋಡಲು ಹೋಗಿದ್ದೆವು. ಅಂಗಳದಲ್ಲಿ ಒಂದು ಹಳೆಯ ಕಾರು ನಿಂತಿತ್ತು. ಇವರು ಅದರ ಮುಂದೆಯೇ ಕೈಮುಗಿದು ನಿಂತರು. ಸತ್ತವರ ಮಗ ಬಂದು ಮೆಲ್ಲಗೆ, "ಕಾಕಾ, ಅಪ್ಪಾ ಒಳಗದಾರ್ರಿ" ಅಂದ.

ಗಂಡನ ಹೆಸರನ್ನು ಬಾಯಿಯಿಂದ ಹೇಳುವ ರೂಢಿ ನನಗಿಲ್ಲ, ಬರೆಯಲು ಅಡ್ಡಿಯಿಲ್ಲ: ಪಂಢರಿನಾಥ. ಪುಣೆಯ ಬಸ್ಸುಗಳ ಹೊಟ್ಟೆಯ ಕೆಳಗೆ ಮೂವತ್ತೆರಡು ವರ್ಷ ಮಲಗಿ ರಿಪೇರಿ ಮಾಡಿದವರು. ನಿವೃತ್ತಿಯಾದ ವರ್ಷವೇ ಗಂಗಕ್ಕನನ್ನು ತಂದರು. ಗಂಗಕ್ಕ ಅಂದರೆ ನನಗಿಂತ ನಾಲ್ಕು ವರ್ಷ ಹಿರಿಯಳಾದ ಒಂದು ಕಪ್ಪು ಕಾರು. ಇಳಿಜಾರಿದ್ದಲ್ಲಿ ಬಹಳ ಚೆನ್ನಾಗಿ ಓಡುತ್ತಾಳೆ. ಒಮ್ಮೆ ಲೋಣಾವಳಾಕ್ಕೆ ಹೋಗಿದ್ದೆವು. ಹೋಗುವಾಗ ಅವಳೊಳಗೆ ನಾವು ಕೂತಿದ್ದೆವು, ಬರುವಾಗ ಲಾರಿಯ ಮೇಲೆ ಅವಳು ಕೂತಿದ್ದಳು. ನಾನು ಲಾರಿ ಡ್ರೈವರನ ಪಕ್ಕ ಕೂತು ದಾರಿಯುದ್ದಕ್ಕೂ ಚಿಕ್ಕಿ ತಿಂದೆ. ಬೇಸರವೇನೂ ಆಗಲಿಲ್ಲ.

ಒಂದು ಕಾರಿಗೆ ನನ್ನ ತಕರಾರಿರಲಿಲ್ಲ. ಆದರೆ ಅವರಿಗೆ ಒಂದು ಸಾಲದು.

"ಅಂಬಾ, ಒಂದು ಹಳೇ ಕಾರ್ ಇಟ್ಕೊಂಡವ್ರಿಗೆ ಜನ ಹುಚ್ಚ ಅಂತಾರ. ಎರಡ ಇದ್ರ ಸಂಗ್ರಹ ಅಂತಾರ."

"ಮೂರಿದ್ರ?"

"ಪೇಪರ್‌ನ್ಯಾಗ ಫೋಟೋ ಬರತದ."

ನಮ್ಮ ಮನೆ ಇರುವುದು ಧನಕವಡಿಯ ಒಂದು ಓಣಿಯಲ್ಲಿ. ಮುಂದೆ ಸಣ್ಣ ಅಂಗಳ, ಪಕ್ಕದಲ್ಲಿ ತಗಡಿನ ಒಂದು ಶೆಡ್ಡು. ಗಂಗಕ್ಕ ಗೇಟಿನ ಹತ್ತಿರ ತಾಡಪತ್ರಿ ಹೊದ್ದು ನಿಲ್ಲುತ್ತಾಳೆ. ಶೆಡ್ಡು ನನ್ನದು. ಅಲ್ಲಿ ನಾನೂ ಕೆಲಸಕ್ಕೆ ಬರುವ ಶಾಲಿನಿಯೂ ಜೋಳದ ರೊಟ್ಟಿ ಬಡಿಯುತ್ತೇವೆ. ಖಡಕ್ ರೊಟ್ಟಿಗೆ ಬೇಯಿಸುವುದು ಅರ್ಧ ಕೆಲಸ, ಒಣಗಿಸುವುದು ಉಳಿದ ಅರ್ಧ. ಕಾದ ತಗಡಿನ ಕೆಳಗೆ ಹೊರಸಿನ ಮೇಲೆ ಹರವಿಟ್ಟರೆ ಸಂಜೆಯೊಳಗೆ ಮುರಿದರೆ ಕಟ್ ಅನ್ನಬೇಕು. ಮೆತ್ತಗಾದ ಖಡಕ್ ರೊಟ್ಟಿಯನ್ನು ಆಕಳೂ ಮೂಸಿ ನೋಡಿ ಯೋಚಿಸುತ್ತದೆ.

ಈ ಸಲ ದಸರೆಗೆ ಮೊದಲು ಒಂದು ದೊಡ್ಡ ಆರ್ಡರು ಬಂತು. ಕಾತ್ರಜ್ ರಸ್ತೆಯಲ್ಲಿ ಹೋಟೆಲು ನಡೆಸುವ ಉಡುಪಿ ಕಡೆಯ ಲೀಲಾಕ್ಷಿ ಬಂದು ಹೇಳಿದಳು: "ಅಮ್ಮ, ದಸರೆಗೆ ನಮ್ಮಲ್ಲಿ ನಿಮ್ಮ ಕಡೆ ಊಟ ಮಾಡುದುಂಟು. ಆರುನೂರು ರೊಟ್ಟಿ ಬೇಕು. ಗರಿಗರಿ ಇದ್ರೆ ಆಮೇಲೆ ವಾರ ವಾರ ನಿಮ್ಮದೇ. ಮೆತ್ತಗಾದ್ರೆ ಮಾತ್ರ ನಮ್ಮ ಯಜಮಾನ್ರು ಬೇರೆಯವರನ್ನು ನೋಡ್ತಾರೆ, ಬೇಜಾರು ಮಾಡ್ಕೊಳ್ಬೇಡಿ."

ಅರವತ್ತೆಂಟನೆಯ ವಯಸ್ಸಿನಲ್ಲಿ ನನಗೊಂದು ಕಾಯಂ ಕೆಲಸ ಸಿಗುವುದರಲ್ಲಿತ್ತು. ಅವತ್ತೇ ಇವರನ್ನು ದೇವರ ಮುಂದೆ ನಿಲ್ಲಿಸಿದೆ.

"ಇನ್ನೊಂದು ಕಾರ್ ಕೊಳ್ಳೂದಿಲ್ಲಂತ ಎಲ್ಲಮ್ಮನ ಆಣಿ ಮಾಡ್ರಿ."

"ಕೊಳ್ಳೂದಿಲ್ಲ" ಅಂದರು. ಎಷ್ಟು ಸಲೀಸಾಗಿ ಅಂದರೆಂದರೆ, ನನಗೆ ಆಗಲೇ ಸಂಶಯ ಬರಬೇಕಿತ್ತು.

ನಾಲ್ಕು ದಿನಕ್ಕೆ ಕುರಕುಂಭಕ್ಕೆ ಹೊರಡುವ ಮಾತು ಬಂತು. ಅಲ್ಲಿಯ ಒಂದು ಕಾರ್ಖಾನೆಯಲ್ಲಿದ್ದ ಗದಗಿನವರು ನಿವೃತ್ತರಾಗಿ ಕ್ವಾರ್ಟರ್ಸ್ ಬಿಡುತ್ತಿದ್ದಾರಂತೆ. ಅವರ ತಂದೆಯ ಕಾಲದ ಒಂದು ಕಾರು ಇದೆಯಂತೆ. "ಬರೇ ನೋಡ್ಲಿಕ್ಕ" ಅಂದರು. ನಾನೂ ಕಾವಲಿಗೆ ಹೊರಟೆ.

ಮನೆಯಾಕೆ ವರದಾಬಾಯಿ. ಆಕೆಯ ಗಂಡ ಋಷಿಕೇಶರಾಯರು ನಮ್ಮನ್ನು ಹಿತ್ತಲಿಗೆ ಕರೆದೊಯ್ದು ಒಂದು ಚಾದರ ಎಳೆದರು. ಕೆಳಗೆ ಹಾಲುಗೆನೆಯ ಬಣ್ಣದ ಕಾರು, ಉರುಟು ಬೆನ್ನು, ಬಸುರಿಯ ಹಾಗೆ ತುಸು ಹಿಂದಕ್ಕೆ ವಾಲಿ ಕೂತಿತ್ತು. ಹನ್ನೊಂದು ವರ್ಷದಿಂದ ಅದಕ್ಕೆ ಪೆಟ್ರೋಲು ಹಾಕಿಲ್ಲವಂತೆ, ಟಾಕಿ ಬಿಚ್ಚಿ ತೊಳೆದಿಟ್ಟಿದ್ದಾರಂತೆ. ಒಳಗೆಲ್ಲ ಒಣ ಬೇವಿನೆಲೆ ಹರಡಿದ್ದರು. ಇವರ ಕೈ ಬಾನೆಟ್ಟಿನ ಮೇಲೆ ಹೋಯಿತು. ಕಣ್ಣು ಮುಚ್ಚಿತು.

"ಚಂದದ" ಅಂದೆ ನಾನು. "ನೋಡಿದ್ದಾತು. ನಡೀರಿ."

"ಹಂಗ ಹ್ಯಾಂಗ ಹೋಗ್ತೀರಿ? ಮೊದಲ ಸಲ ಬಂದೀರಿ, ಉಡಿ ತುಂಬಬೇಕಲ್ರಿ" ಅಂದಳು ವರದಾಬಾಯಿ.

ನಮ್ಮ ಕಡೆ ಮನೆಗೆ ಬಂದ ಮುತ್ತೈದೆಯನ್ನು ಬರಿಗೈಲಿ ಕಳಿಸುವುದಿಲ್ಲ. ಮಣೆ ಹಾಕಿ ಕೂರಿಸಿದಳು. ನಾನು ಸೆರಗು ಚಾಚಿದೆ. ಅಕ್ಕಿ, ಕುಬಸದ ಕಣ, ಅಡಿಕೆ, ಉತ್ತತ್ತಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲು ಬಿದ್ದವು. ಕೊನೆಯ ಬೊಗಸೆ ಅಕ್ಕಿಯ ಜೊತೆಗೆ ಏನೋ ಭಾರವಾದದ್ದು ಠಣ್ ಎಂದು ಕೊಬ್ಬರಿ ಬಟ್ಟಲಿನೊಳಗೆ ಬಿತ್ತು. ನೋಡಿದರೆ ಕಾರಿನ ಕೀಲಿಕೈ. ಅದಕ್ಕೆ ಕುಂಕುಮವನ್ನೂ ಹಚ್ಚಿದ್ದಳು.

"ಇದೇನ್ರಿ ಇದು?"

"ಗುಜರಿಯವಗ ಕೊಡೂ ಮನಸಿಲ್ಲರಿ. ಫ್ಲ್ಯಾಟಿನ್ಯಾಗ ಇಡ್ಲಿಕ್ಕ ಜಾಗಿಲ್ಲ. ರೊಕ್ಕಾ ತಗೊಂಡ್ರ ಮಾವನವರ ಆತ್ಮಾ ಸುಮ್ಮನಿರೂದಿಲ್ಲ. ನಿಮ್ಮ ಉಡಿಯೊಳಗ ಹಾಕೀನಿ, ಚಂದಾಗಿ ನೋಡ್ಕೋರಿ" ಎಂದು ಕಣ್ಣಿಗೆ ಸೆರಗು ಒತ್ತಿಕೊಂಡಳು.

ಉಡಿಯಲ್ಲಿ ಬಿದ್ದದ್ದನ್ನು ತಿರುಗಿ ಕೊಡುವ ಹಾಗಿಲ್ಲ. ಕೊಟ್ಟರೆ ಅವಳ ಮನೆಗೂ ಒಳ್ಳೆಯದಲ್ಲ, ನನ್ನ ಮನೆಗೂ ಅಲ್ಲ. ನಾನು ಇವರತ್ತ ನೋಡಿದೆ. ಇವರು ಛಾವಣಿಯ ಜಂತಿಗಳನ್ನು ಎಣಿಸುತ್ತಿದ್ದರು.

"ನಾ ಏನೂ ಕೊಂಡಿಲ್ಲ ನೋಡು" ಅಂದರು ಬಸ್ಸಿನಲ್ಲಿ. ಒಂದು ಮೈಲಿ ಹೋದ ಮೇಲೆ, "ತುಂಗಕ್ಕ ಅಂತ ಕರಿಯೂಣು" ಅಂದರು. ಹೆಸರನ್ನು ಅವರು ಅಲ್ಲಿ ಕೂತು ಯೋಚಿಸಿದ್ದಲ್ಲ, ಮನೆಯಿಂದಲೇ ತಂದಿದ್ದರು.

ತುಂಗಕ್ಕ ಲಾರಿಯಲ್ಲಿ ಬಂದಳು. ಎದುರುಮನೆಯ ಕೇತಕಿ ಗ್ಯಾಲರಿಯಿಂದ ಬಗ್ಗಿ, "ಕಾಯ್ ಆಜಿ, ಆಣಖೀ ಏಕ?" ಎಂದು ನಕ್ಕಳು. ಇನ್ನೊಂದೇ ಎಂದು ಓಣಿಯೆಲ್ಲ ಕೇಳಿಯಾಯಿತು. ಹಾಲುಬಣ್ಣದ ಮೈ ಮಳೆಯಲ್ಲಿ ನೆನೆಯಬಾರದೆಂದು ಅವಳನ್ನು ಶೆಡ್ಡಿನೊಳಗೆ ನಿಲ್ಲಿಸಿದರು. ನನ್ನ ಒಲೆ, ಹೊರಸು, ಹಿಟ್ಟಿನ ಡಬ್ಬಿ ಮೆಟ್ಟಿಲ ಕೆಳಗೆ ಹೋದವು.

"ಬರೇ ದಸರಾ ತನಕ, ಅಂಬಾ. ಖಂಡೆನವಮಿ ದಿನ ಪೂಜಾ ಮಾಡಿ ಸ್ಟಾರ್ಟ್ ಮಾಡಿಬಿಡ್ತೀನಿ. ಆಮ್ಯಾಲ ನೋಡೂಣಂತ."

"ಆರುನೂರು ರೊಟ್ಟಿ ಸೈತ ದಸರಾಕ್ಕ ಕೊಡೂದದ. ಅದನ್ನೂ ಆಮ್ಯಾಲ ನೋಡೂಣೇನು?"

ಅಷ್ಟರಲ್ಲಿ ಅವರು ತುಂಗಕ್ಕನ ಕೆಳಗೆ ತೂರಿದ್ದರು. ಕಾಲುಗಳೆರಡು ಮಾತ್ರ ಹೊರಗಿದ್ದವು. ಕಾಲುಗಳ ಜೊತೆ ಜಗಳವಾಡಿ ಪ್ರಯೋಜನವಿಲ್ಲ.

ತುಂಗಕ್ಕ ಬರುವ ಮೊದಲು ನಾನೂರು ರೊಟ್ಟಿ ಒಣಗಿ ಡಬ್ಬಿ ಸೇರಿದ್ದವು. ಉಳಿದ ಇನ್ನೂರು ಮೆಟ್ಟಿಲ ಕೆಳಗೆ ಬೆಂದವು. ಹಿಂಗಾರಿನ ಮಳೆ ದಿನಾ ಸಂಜೆ ಬಂದು ಹೋಗುತ್ತಿತ್ತು. ಗೋಡೆ ಬೆವರುತ್ತಿತ್ತು. ಶಾಲಿನಿ ಒಂದು ರೊಟ್ಟಿ ಎತ್ತಿ ಮಡಚಿದಳು. ಅದು ಕರವಸ್ತ್ರದ ಹಾಗೆ ನಾಲ್ಕು ಮಡಿಕೆ ಬಂತು.

"ಕಿಸೇದಾಗ ಇಟ್ಕೋಬಹುದ್ರಿ ಅವ್ವಾರ" ಅಂದಳು.

ನವರಾತ್ರಿಯ ಶುಕ್ರವಾರ ಲೀಲಾಕ್ಷಿ ರೊಟ್ಟಿ ಎಲ್ಲಿಗೆ ಬಂತೆಂದು ಕೇಳಲು ಬಂದಳು. ಅವಳಿಗೆ ಹೋಟೆಲಿನ ಮುಂದೆ ಒಂದು ಹಳೆಯ ಕಾರು ನಿಲ್ಲಿಸುವ ಆಸೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆಂದು. ಇದನ್ನು ಹಿಂದೆ ನನ್ನ ಹತ್ತಿರ ಎರಡು ಸಲ ಹೇಳಿದ್ದಳು. ನನ್ನ ತಲೆಯಲ್ಲಿ ದೀಪ ಹೊತ್ತಿತು. ಬಂದ ದಾರಿಯಲ್ಲೇ ಹೋಗಲಿ! ಮಣೆ ಹಾಕಿದೆ. ಉಡಿ ತುಂಬಿದೆ. ಕೊನೆಯ ಬೊಗಸೆಯ ಅಕ್ಕಿಯಲ್ಲಿ ತುಂಗಕ್ಕನ ಕೀಲಿಕೈ ಮುಚ್ಚಿಟ್ಟು ಹಾಕಿದೆ. ಲೀಲಾಕ್ಷಿ ನಗುತ್ತಾ ಎಲ್ಲವನ್ನೂ ಕೈಚೀಲಕ್ಕೆ ಸುರಿದುಕೊಂಡು ಹೋದಳು. ಆ ರಾತ್ರಿ ನಾನು ಸುಖವಾಗಿ ಮಲಗಿದೆ.

ಮರುದಿನ ಬೆಳಿಗ್ಗೆ ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಗೇಟಿನ ಸದ್ದಾಯಿತು. ಲೀಲಾಕ್ಷಿ ಏದುಸಿರು ಬಿಡುತ್ತಾ ಬಂದಳು.

"ಅಮ್ಮ, ಅಕ್ಕಿ ಆರಿಸ್ಲಿಕ್ಕೆ ಕೂತಿದ್ದೆ, ನೋಡಿದ್ರೆ ಕೀ ಬಿದ್ದಿದೆ ಮಾರಾಯ್ರೆ! ನಿಮ್ಮ ಕಪಾಟಿದ್ದೋ ಏನೋ. ಪಾಪ, ರಾತ್ರಿಯೆಲ್ಲ ಹುಡುಕಿರ್ತೀರಿ ಅಂತ ತಿಂಡಿಯೂ ತಿನ್ನದೆ ಓಡಿ ಬಂದೆ."

ಕೀಲಿಕೈಯನ್ನು ನನ್ನ ಚಹಾದ ಬಟ್ಟಲಿನ ಪಕ್ಕ ಇಟ್ಟಳು. ತೊಳೆದು ಒರೆಸಿ ತಂದಿದ್ದಳು. ಉಡಿಯ ಕಟ್ಟುನಿಟ್ಟು ಅವಳ ಊರಿನಲ್ಲಿ ನಮ್ಮ ಹಾಗಿಲ್ಲ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಉಪಕಾರವಾಯಿತು ಎನ್ನದೆ ಬೇರೆ ದಾರಿಯಿರಲಿಲ್ಲ. ಅಂದೆ.

ಅವಳು ಹೋದ ಮೇಲೆ ಇವರು ಕೀಲಿಕೈಯನ್ನು ಎತ್ತಿ ಅಂಗೈಯಲ್ಲಿ ಹೊರಳಿಸಿದರು.

"ಉಡಿಯೊಳಗ ಬಂದಾಕಿನ್ನ ಉಡಿಯೊಳಗನ ಸಾಗಹಾಕ್ತಿದ್ದೇನು?"

"ಆಕಿ ನನ್ನ ಉಡಿಗೆ ಬರೂ ಹಂಗ ಮಾಡಿದವರು ಯಾರು, ಮೊದಲ ಅದನ್ನ ಹೇಳ್ರಿ."

ಇವರು ಚಹಾದ ಬಟ್ಟಲನ್ನು ಕೆಳಗಿಟ್ಟರು. "ವರದಾಬಾಯಿಗೆ ಫೋನ್ ಮಾಡಿ ಹೇಳಿದ್ದು ನಾನ. ಆಣಿ ಹಾಕಿಸಿದ್ದೆಲ್ಲ ನೀ, ಕೊಳ್ಳಲಿಕ್ಕ ಬರ್ತಿದ್ದಿಲ್ಲ" ಅಂದರು. ಆಮೇಲೆ ಎದ್ದು ಮೆಟ್ಟಿಲ ಕೆಳಗೆ ಹೋಗಿ ಒಂದು ರೊಟ್ಟಿ ಎತ್ತಿದರು. ಅದು ಅವರ ಕೈಯಲ್ಲಿ ಜೋತುಬಿತ್ತು. ಅದನ್ನು ಮತ್ತೆ ಹಾಸಿ, ಅಂಗೈಯಿಂದ ಸುಕ್ಕು ತೀಡಿದರು. "ನವಮಿ ಪೂಜಾ ಆಗಲಿ. ಲೀಲಾಕ್ಷಿಗೆ ನಾನ ಹೇಳಿ ಕೊಟ್ಟುಬಿಡ್ತೀನಿ. ನಿನ್ನ ಶೆಡ್ ನಿನಗ" ಅಂದರು. ಆಗಲೇ ಫೋನನ್ನೂ ಮಾಡಿದರು. ಲೀಲಾಕ್ಷಿ ಸಂತೋಷದಿಂದ ಕೂಗಿದ್ದು ನನಗೂ ಕೇಳಿಸಿತು. ನವಮಿಯ ಸಂಜೆ ರೊಟ್ಟಿಯನ್ನೂ ಕಾರನ್ನೂ ಒಟ್ಟಿಗೇ ಒಯ್ಯುತ್ತಾಳಂತೆ.

ಗೆದ್ದವಳು ನಾನು. ಆದರೂ ಆ ಎರಡು ದಿನ ಅವರ ತಟ್ಟೆಗೆ ತುಪ್ಪವನ್ನು ತುಸು ಹೆಚ್ಚೇ ಬಡಿಸಿದೆ.

ನವಮಿಯ ಬೆಳಿಗ್ಗೆ ಬಿಸಿಲು ಬಿತ್ತು. ಓಣಿಯ ನಾಲ್ವರು ಹುಡುಗರು ಸೇರಿ ತುಂಗಕ್ಕನನ್ನು ಅಂಗಳಕ್ಕೆ ನೂಕಿದರು. ಇವರು ಅವಳ ಮೈ ತೊಳೆದು, ಬೇವಿನೆಲೆ ಗುಡಿಸಿ, ಸೀಟು ಒರೆಸಿ, ಕಳಿಸುವ ಮಗಳಿಗೆ ಮಾಡುವ ಹಾಗೆ ಚೆಂಡುಹೂವಿನ ಮಾಲೆ ಹಾಕಿದರು. ನಾನೂ ಶಾಲಿನಿಯೂ ಕಡೆಯ ಆಸೆಯೆಂದು ಮೆತ್ತಗಿನ ಇನ್ನೂರು ರೊಟ್ಟಿಗಳನ್ನು ಹೊರಸುಗಳ ಮೇಲೆ ಬಿಸಿಲಿಗೆ ಹರವಿದೆವು. ಹನ್ನೊಂದಕ್ಕೆ ಹನಿ ಬೀಳತೊಡಗಿತು.

"ಅವ್ವಾರ, ಮಳಿ!"

ಮೆಟ್ಟಿಲು ದೂರ, ಕಾರು ಹತ್ತಿರ. ತುಂಗಕ್ಕನ ಬಾಗಿಲು ತೆರೆದು ಒಗೆದ ಧೋತರ ಹಾಸಿ, ಹಿಂದಿನ ಸೀಟು, ಮುಂದಿನ ಸೀಟು, ಹಿಂಗಾಜಿನ ಕಟ್ಟೆ, ಎಲ್ಲ ಕಡೆ ರೊಟ್ಟಿ ಜೋಡಿಸಿ, ಗಾಜು ಏರಿಸಿ ಬಾಗಿಲು ಹಾಕಿದೆವು. ಹತ್ತು ನಿಮಿಷಕ್ಕೆ ಮಳೆ ನಿಂತಿತು, ಸುಡುಸುಡು ಬಿಸಿಲು ಬಿತ್ತು. ನಾನು ಹೋಳಿಗೆಯ ಹೂರಣದಲ್ಲಿ ಮುಳುಗಿ ರೊಟ್ಟಿಯನ್ನು ಮರೆತೆ.

ಮೂರು ಗಂಟೆಗೆ ನೆನಪಾಗಿ ಓಡಿದೆ. ಬಾಗಿಲು ತೆರೆದರೆ ಒಳಗಿನ ಝಳ ಮುಖಕ್ಕೆ ಹೊಡೆಯಿತು. ನನ್ನ ಕನ್ನಡಕ ಮಂಜಾಯಿತು. ತಡವಿ ಒಂದು ರೊಟ್ಟಿ ಎತ್ತಿ ಮುರಿದೆ.

ಕಟ್ ಅಂದಿತು.

ಇನ್ನೊಂದು ಮುರಿದೆ. ಕಟ್. ತಗಡಿನ ಶೆಡ್ಡಿನಲ್ಲಿ ಹದಿನೈದು ವರ್ಷ ಒಣಗಿಸಿದ್ದೇನೆ, ಇಂಥ ಸದ್ದು ಕೇಳಿರಲಿಲ್ಲ. ಮೂಸಿದೆ. ಜೋಳದ ಪರಿಮಳದ ಹಿಂದೆ ಎಲ್ಲೋ ಒಂದಿಷ್ಟು ಬೇವು, ಅಷ್ಟೇ. ಆರು ದಿನ ಮೆಟ್ಟಿಲ ಕೆಳಗೆ ಆಗದ ಕೆಲಸವನ್ನು ತುಂಗಕ್ಕ ನಾಲ್ಕು ತಾಸಿನಲ್ಲಿ ಬಾಯಿ ಮುಚ್ಚಿಕೊಂಡು ಮಾಡಿದ್ದಳು.

ಅಷ್ಟರಲ್ಲಿ ಇವರು ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಪೆಟ್ರೋಲಿನ ಕ್ಯಾನು ಹಿಡಿದು ಬಂದರು.

"ಆ ಕಡೆ ಸರಿ ಅಂಬಾ. ಟಾಕಿ ಕೂಡಿಸೀನಿ. ಕಳಸೂದರಾಗ ಒಂದ್ಸಲ ಆಕಿ ದನಿ ಕೇಳ್ತೀನಿ."

ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಒಂದು ಹನಿ ಪೆಟ್ರೋಲ್ ಹಾಕಿದ್ರ ನೋಡ್ರಿ! ವಾಸನೀ ಹಿಡದ್ರ ನನ್ನ ರೊಟ್ಟಿ ಕೆಡತಾವ."

"ಕಾರಿಗೆ ಪೆಟ್ರೋಲ್ ಹಾಕಬ್ಯಾಡಾ?"

"ಇದು ಕಾರಲ್ಲ."

ಗೇಟಿನಲ್ಲಿ ಲೀಲಾಕ್ಷಿಯ ಟೆಂಪೋ ನಿಂತಿತು. ಅವಳು ನೇರ ಬಂದು ನನ್ನ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಬಾಯಿಗೆ ಹಾಕಿಕೊಂಡಳು. ಅಗಿಯುವ ಸದ್ದು ಓಣಿಗೆಲ್ಲ ಕೇಳುವಂತಿತ್ತು. "ಅಬ್ಬ! ಇದು ಸಾಕು ಅಮ್ಮ, ವಾರಕ್ಕೆ ಆರುನೂರು, ಗ್ಯಾರಂಟಿ. ಎಲ್ಲಿ, ಕೀ ಕೊಡಿ, ಗಾಡಿ ಎಳ್ಕೊಂಡು ಹೋಗ್ತೇವೆ."

ಇವರು ಕೀಲಿಕೈಯನ್ನು ಮುಂದೆ ಚಾಚಿದರು. ಅದನ್ನು ನಾನೇ ಮಧ್ಯದಲ್ಲಿ ಹಿಡಿದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ಲೀಲಾಕ್ಷಿ, ತಪ್ಪು ತಿಳೀಬ್ಯಾಡವ್ವಾ. ಉಡಿಯೊಳಗ ಬಂದದ್ದನ್ನ ಕೊಡೂ ಪದ್ಧತಿ ನಮ್ಮೊಳಗಿಲ್ಲ."

"ಹಾಗಾದ್ರೆ ಮೊನ್ನೆ ಕೀ..." ಎಂದು ಶುರು ಮಾಡಿದವಳ ಕೈಗೆ ನಾನು ಬಿಸಿ ಹೋಳಿಗೆ ಕೊಟ್ಟೆ. ಫೋಟೋಕ್ಕೆ ಬೇಕಾದರೆ ಗಂಗಕ್ಕನನ್ನು ಭಾನುವಾರ ಭಾನುವಾರ ಕಳಿಸುತ್ತೇನೆ ಅಂದೆ. ಹೋಟೆಲಿನ ದಾರಿಯಲ್ಲಿ ಇಳಿಜಾರು ಎಷ್ಟಿದೆಯೋ ಆಗ ಯೋಚಿಸಲಿಲ್ಲ.

ಟೆಂಪೋ ಹೋದ ಮೇಲೆ ಇವರು ಗಂಗಕ್ಕನ ಮುಂದೆ ನಿಂಬೆಹಣ್ಣು ಇಟ್ಟು, ತುಂಗಕ್ಕನ ಮುಂದೆ ಇನ್ನೊಂದು ಇಟ್ಟು, ಕಲ್ಲಿನ ಮೇಲೆ ಕೂತರು. ಅವರ ಮುಖದಲ್ಲಿ ನಗುವೂ ಇತ್ತು, ಸಂಕಟವೂ ಇತ್ತು. ಎರಡು ಕಾರು ಉಳಿದವು, ಒಂದನ್ನು ಮಾತ್ರ ಓಡಿಸುವಂತಿಲ್ಲ.

ನಾನು ಹೊರಸಿನ ಮೇಲೆ ಕೂತು ಲೆಕ್ಕ ಹಾಕಿದೆ. ವಾರಕ್ಕೆ ಆರುನೂರು. ತುಂಗಕ್ಕನೊಳಗೆ ಹಿಡಿಸುವುದು ಇನ್ನೂರು. ಗಂಗಕ್ಕ ಪೆಟ್ರೋಲು ಕುಡಿಯುವವಳು, ರೊಟ್ಟಿಗೆ ಆಗುವುದಿಲ್ಲ. ಶೆಡ್ಡಿನಲ್ಲಿ ಒಲೆಗಳಿರಲಿ. ಅಂಗಳದಲ್ಲಿ ತುಳಸಿಯ ಈ ಕಡೆ, ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ, ಇನ್ನೊಂದು ನಿಲ್ಲುತ್ತದೆ.

"ಕೇಳ್ರಿಲ್ಲೆ" ಅಂದೆ. "ಆವತ್ತು ಸತ್ತವರ ಮನಿ ಅಂಗಳದಾಗ ಒಂದು ಕಾರ್ ಇತ್ತಲ್ಲ. ಅದು ಓಡತದೋ, ಕೆಟ್ಟು ನಿಂತದೋ?"

"ಕೆಟ್ಟು ನಿಂತದ. ಯಾಕ?"

"ಹಿಂದಿನ ಸೀಟು ಅಗಲದೇನು?"

ಇವರು ಕಲ್ಲಿನಿಂದ ಮೆಲ್ಲಗೆ ಎದ್ದರು. ಕಣ್ಣು ಅರಳಿತ್ತು.

"ಭೀಮಕ್ಕಂದಾ? ಭಾಳ ಅಗಲದ" ಅಂದರು.