ಬಲಗಡೆಯ ದೇವಿ

ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲೂ ಚಹಾದಂಗಡಿಯ ಎದುರಿಗೆ ಬಂದಕೂಡಲೇ ಹೊಯ್ದಾಡಿತು. ಕಾಡವ್ವ ಬಾಯಿಗೆ ಒಯ್ಯುತ್ತಿದ್ದ ಚಹಾದ ಲೋಟವನ್ನು ಅರ್ಧಕ್ಕೇ ನಿಲ್ಲಿಸಿದಳು. ಸ್ವಲ್ಪ ಮುಂಚೆ ಕಾಲೇಜಿನ ಹುಡುಗಿಯೊಬ್ಬಳು ಅದೇ ಜಾಗದಲ್ಲಿ ವಾಲಿದ್ದಳು. ಅದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಹಾಲಿನವನೂ ರಸ್ತೆಯ ನಡುವಿಗೆ ಸರಿದ. ಹಿಂದಿನಿಂದ ಬಂದ ರಿಕ್ಷಾದವನು ಹಾರ್ನು ಒತ್ತಿ, ಮರಾಠಿಯಲ್ಲಿ ಅವನ ಅಪ್ಪನನ್ನು ನೆನೆಸಿ ಮುಂದೆ ಹೋದ.

ಮಿರಜದಿಂದ ಸಾಂಗಲಿಗೆ ಹೋಗುವ ರಸ್ತೆ ಅಲ್ಲಿ ಹಗ್ಗ ಎಳೆದಷ್ಟು ನೆಟ್ಟಗಿತ್ತು. ತಗ್ಗಿಲ್ಲ, ದಿನ್ನೆಯಿಲ್ಲ. ಇಂಥ ರಸ್ತೆಯಲ್ಲಿ, ಇದೇ ಅಂಗಡಿಯ ಮುಂದೆ, ಅವಳ ಗಂಡ ಶಿದ್ರಾಮ ಹೋದ ವಾರ ಬೆಳಿಗ್ಗೆ ಟೆಂಪೋಕ್ಕೆ ಸಿಕ್ಕು ಕಾಲು ಮುರಿದುಕೊಂಡಿದ್ದ. ಸಾಂಗಲಿಯ ಅರಿಸಿನದ ಗೋದಾಮಿನಲ್ಲಿ ಹಮಾಲಿ ಮಾಡುವ ಗಟ್ಟಿ ಆಳು, ಈಗ ದವಾಖಾನೆಯಲ್ಲಿ ಕಾಲು ಮೇಲೆತ್ತಿ ಮಲಗಿದ್ದ. ಅವನ ಸೈಕಲ್ಲನ್ನು ಚಹಾದಂಗಡಿಯ ಅಪ್ಪಾಸಾಬ ಎತ್ತಿಟ್ಟುಕೊಂಡಿದ್ದಾನೆಂದು ತಿಳಿದು, ಒಯ್ಯಲು ಕಾಡವ್ವ ಬಂದಿದ್ದಳು.

ಸೈಕಲ್ಲು ಒಂದು ನೆಪ, ಅವನು ಬಿದ್ದ ಜಾಗವನ್ನು ಅವಳಿಗೆ ಕಣ್ಣಾರೆ ನೋಡಬೇಕಿತ್ತು. ಟೆಂಪೋದವನು ಪೊಲೀಸರ ಮುಂದೆ, ಈ ಮನುಷ್ಯ ಕುಡಿದಿದ್ದ, ಹೊಯ್ದಾಡುತ್ತ ತಾನಾಗಿಯೇ ಅಡ್ಡ ಬಂದ ಎಂದಿದ್ದ. ನೋಡಿದವರೂ ಹೌದು ಹೌದೆಂದಿದ್ದರು. ಡಾಕ್ಟರು ಕಾಲು ನೋಡಿದರೇ ಹೊರತು ಬಾಯಿ ಮೂಸಲಿಲ್ಲ. ಶಿದ್ರಾಮ ಕುಡಿತ ಬಿಟ್ಟು ವರ್ಷವಾಗಿತ್ತು. ಬಿಡುವ ಮುಂಚೆ ಅವನಿಗೆ ಬೆಳಗು ಸಂಜೆ ಎಂಬ ಭೇದವಿರಲಿಲ್ಲ. ಮತ್ತೆ ಮುಟ್ಟಿದರೆ ಮಗಳನ್ನು ಕರೆದುಕೊಂಡು ಸಲಗರೆಯ ಅಕ್ಕನ ಮನೆಗೆ ಹೋಗಿಬಿಡುತ್ತೇನೆ ಎಂದು ಆಗಲೇ ಹೇಳಿದ್ದಳು. ಹೇಳಿದ್ದನ್ನು ಮಾಡುವ ಹೆಂಗಸು ಅವಳು. ದವಾಖಾನೆಯಲ್ಲಿ ಕಣ್ಣು ಬಿಟ್ಟ ಗಂಡನನ್ನು ನೋವೇ ಎಂದೂ ಕೇಳದೆ ಇದನ್ನೇ ಕೇಳಿದ್ದಳು.

"ಖರೇ ಹೇಳ್ರಿ. ಕುಡದಿದ್ರೇನ?"

ಆಣೆ ಮಾಡುತ್ತಾನೆ, ಇಲ್ಲವೇ ಜಗಳಕ್ಕೆ ಬೀಳುತ್ತಾನೆ ಎಂದುಕೊಂಡಿದ್ದಳು. ಅವನು ಎರಡನ್ನೂ ಮಾಡಲಿಲ್ಲ.

"ನನಗ ನೆನಪ ಆಗವಲ್ದ, ಕಾಡವ್ವಾ. ಮನಿ ಬಿಟ್ಟಿದ್ದಷ್ಟ ಗೊತ್ತೈತಿ. ಇಷ್ಟ ಮಂದಿ ಅಂತಾರಂದ್ರ ಕುಡದಿದ್ನೋ ಏನೋ."

ಇದಕ್ಕಿಂತ ಕೆಟ್ಟ ಉತ್ತರ ಬೇರೆ ಯಾವುದಿತ್ತು? ಅಂದಿನಿಂದ ಅವಳು ಬುತ್ತಿ ಕೊಟ್ಟು ಬರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಮನೆಯಲ್ಲಿ ತನ್ನ ಮತ್ತು ಮಗಳು ಪೂನಮಳ ಬಟ್ಟೆಯನ್ನು ಚೀಲಕ್ಕೆ ತುಂಬಿಯೂ ಆಗಿತ್ತು.

ಈಗ ಬಿಳಿ ಟೋಪಿಯ ಮುದುಕನೊಬ್ಬ ಸೈಕಲ್ಲಿನ ಮೇಲೆ ಬಂದ, ವಾಲಿದ. ಅವನ ಹಿಂದೆ ಮೋಟರ್ ಸೈಕಲ್ಲಿನ ಪೊಲೀಸಪ್ಪ, ಅವನೂ ವಾಲಿದ.

"ಅಣ್ಣಾ, ಇವರೆಲ್ಲಾ ಕುಡದಾರೇನ್ರಿ?" ಎಂದಳು ಕಾಡವ್ವ.

ಅಪ್ಪಾಸಾಬ ಚಹಾ ಸೋಸುತ್ತಲೇ ನಕ್ಕ. "ಮುಂಜಾನೆದ್ದು ಅಷ್ಟೂ ಮಂದಿ ಕುಡದ್ರ ನನ್ನ ಚಹಾ ಯಾರ ಕುಡೀಬೇಕವ್ವಾ? ಈ ಜಾಗಾನ ಹಂಗ. ಮನ್ನೆ ಒಬ್ಬ ಪೇಪರ್ ಹಾಕಾಂವ ಬಿದ್ದ. ಮಂದಿ ಭೂತ ಐತಿ ಅಂತಾರ."

ಹಾಡಹಗಲು ಹಾರ್ನಿನ ಗದ್ದಲದಲ್ಲಿ ಬರುವ ಭೂತ ಎಂಥದಿರಬಹುದು? ಕಾಡವ್ವನಿಗೆ ಅದನ್ನು ನೋಡಿಯೇ ಏಳಬೇಕೆನ್ನಿಸಿತು. ಅಷ್ಟು ಹೊತ್ತು ಅವಳು ಚಕ್ರಗಳನ್ನೇ ನೋಡುತ್ತಿದ್ದಳು. ಈ ಸಲ ಸವಾರನನ್ನು ನೋಡಿದಳು. ಡಬ್ಬಿ ಕಟ್ಟಿಕೊಂಡು ಕೆಲಸಕ್ಕೆ ಹೊರಟ ಒಬ್ಬ ಹುಡುಗ ಬರುತ್ತಿದ್ದ. ಅಂಗಡಿಯ ಎದುರಿಗೆ ಬಂದಾಗ ಅವನ ಬಲಗೈ ಹ್ಯಾಂಡಲ್ ಬಿಟ್ಟು ಎದೆಗೆ ಹೋಯಿತು, ಎದೆಯಿಂದ ತುಟಿಗೆ ಹೋಯಿತು. ಮುಖ ಬಲಕ್ಕೆ ತಿರುಗಿತು, ಕಣ್ಣು ಒಂದು ಗಳಿಗೆ ಮುಚ್ಚಿತು. ಸೈಕಲ್ಲು ಅವನ ಮುಖ ಹೋದ ಕಡೆಗೇ ಹೋಯಿತು.

ಕಾಡವ್ವ ಎದ್ದು ನಿಂತು ಆ ದಿಕ್ಕಿಗೆ ನೋಡಿದಳು. ರಸ್ತೆಯ ಆಚೆ, ಹೊಸ ಬಣ್ಣ ಬಳಿದ ಪುಟ್ಟ ಗುಡಿಯಲ್ಲಿ ಮರಗೂಬಾಯಿ ದೇವಿ ಕೂತಿದ್ದಳು.

"ಆ ಗುಡಿ ಮೊದಲಿಂದ ಅಲ್ಲೇ ಐತೇನ್ರಿ?"

"ಇಲ್ಲವ್ವಾ. ನೀ ನಿಂತಲ್ಲೇ ಬೇವಿನ ಗಿಡ ಇತ್ತು, ಅದರ ಬುಡಕ ಇದ್ಲು ತಾಯಿ. ಹ್ವಾದ ವರ್ಷ ರಸ್ತಾ ಅಗಲ ಮಾಡಿದ್ರಲ್ಲ, ಗಿಡಾ ಕಡದ್ರು. ತಾಯಿನ್ನ ವಾಜಂತ್ರಿ ಬಾರಿಸ್ಕೋತ ಆ ಕಡೆ ಒಯ್ದು ಕುಂದ್ರಿಸಿದ್ರು."

ಕಾಡವ್ವ ಅಂಗಡಿಯ ಹಿಂದಿನಿಂದ ಗಂಡನ ಸೈಕಲ್ಲು ತಂದಳು. ಹತ್ತಲು ಅವಳಿಗೆ ಬರುವುದಿಲ್ಲ. ರಸ್ತೆಯಂಚಿನ ಮಣ್ಣಿನ ಮೇಲೆ ಎಡಗೈಯಲ್ಲಿ ಹ್ಯಾಂಡಲ್ ಹಿಡಿದು ತಳ್ಳುತ್ತ ಹೊರಟಳು. ಗುಡಿ ಎದುರಾದಾಗ ಬಲಗೈ ಎದೆಗಿಟ್ಟು, ಮುಖ ತಿರುಗಿಸಿ ಕಣ್ಣು ಮುಚ್ಚಿದಳು. ಕಣ್ಣು ಬಿಟ್ಟಾಗ ಮುಂದಿನ ಚಕ್ರ ಡಾಂಬರಿನ ಮೇಲಿತ್ತು. ಹಿಂದಕ್ಕೆ ಹೋಗಿ ಇನ್ನೊಮ್ಮೆ ಮಾಡಿದಳು. ಮತ್ತೆ ಹಾಗೇ ಆಯಿತು. ಮೂರನೆಯ ಸಲ ಹೊರಟವಳನ್ನು ಅಪ್ಪಾಸಾಬ ಲೋಟ ಹಿಡಿದುಕೊಂಡು ನೋಡಿಯೇ ನೋಡಿದ. ಅವಳಿಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು.

ದವಾಖಾನೆಗೆ ಹೋದವಳು ಮಂಚದ ಪಕ್ಕ ಕುಳಿತು ಕೇಳಿದಳು. "ಮರಗೂಬಾಯಿ ಮುಂದ ಹಾಯ್ದ ಹೋಗುವಾಗ ಏನ ಮಾಡ್ತೀರಿ?"

ಇಷ್ಟು ದಿನದ ಮೇಲೆ ಹೆಂಡತಿಯ ಮಾತು ಕೇಳಿದ ಶಿದ್ರಾಮ ತಡವರಿಸಿದ. "ಏನ ಮಾಡೂದು? ಕೈ ಮುಗೀತೇನಿ. ಕುಡ್ಯಾಂಗಿಲ್ಲಂತ ಆಕಿಗೇ ಮಾತ ಕೊಟ್ಟೇನಿ. ದಿನಾ ಹೋಗುವಾಗ ಅದನ್ನ ಹೇಳಿ ಹೋಗ್ತೇನಿ. ಯಾಕ?"

"ಏನಿಲ್ಲ. ಊಟಾ ಮಾಡ್ರಿ" ಎಂದಳು. ತಾನೇ ತುತ್ತು ಕಲಸಿ ಕೊಟ್ಟಳು. ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹೋಗಿ ಬಿದ್ದವನನ್ನು ಮಾತು ಮುರಿದವನೆಂದು ಒಂದು ವಾರ ದೂರ ಇಟ್ಟಿದ್ದಳು. ಮುಖ ತಿರುಗಿದ ಕಡೆಗೆ ಸೈಕಲ್ಲೂ ತಿರುಗಿ ಟೆಂಪೋಕ್ಕೆ ಸಿಕ್ಕದ್ದನ್ನು ಅಂದೇ ಬಿಡಿಸಿ ಹೇಳಿದಳು, ನೀವು ಕುಡಿದಿರಲಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು.

ಮನೆಯಲ್ಲಿ ಪೂನಮ ಚೀಲ ತೋರಿಸಿ, ಯಾವತ್ತು ಹೊರಡುವುದು ಎಂದು ಮರಾಠಿಯಲ್ಲಿ ಕೇಳಿದಳು. ಕನ್ನಡ ಅವಳ ಕಿವಿಗೆ ಬರುತ್ತದೆ, ನಾಲಗೆಗೆ ಬರುವುದಿಲ್ಲ.

"ಎಲ್ಲೂ ಇಲ್ಲ. ಅರಿವಿ ತಗದ ಇಡು."

ಆದರೂ ಕಾಡವ್ವನಿಗೆ ಸಮಾಧಾನವಿರಲಿಲ್ಲ. ಕಾಲು ನೆಟ್ಟಗಾದರೆ ಅವನು ಮತ್ತೆ ಅದೇ ದಾರಿಯಲ್ಲೇ ಹೋಗಬೇಕು. ಕೈ ಮುಗಿಯಬೇಡ ಎನ್ನಲು ಅವಳಿಗೆ ಧೈರ್ಯವಿಲ್ಲ, ಅಂದರೂ ಆ ಕೈ ಕೇಳಬೇಕಲ್ಲ. ಎರಡು ದಿನ ಒಲೆಯ ಮುಂದೆ ಅದನ್ನೇ ಯೋಚಿಸಿದಳು. ಮೂರನೆಯ ದಿನ ಚಹಾದಂಗಡಿಯ ಪಕ್ಕ, ಬೇವಿನ ಬೊಡ್ಡೆ ಇದ್ದ ಜಾಗದಲ್ಲಿ, ಒಂದು ದುಂಡನೆಯ ಕಲ್ಲು ತೊಳೆದು ನಿಲ್ಲಿಸಿದಳು. ಗಂಡ ಗೋದಾಮಿನ ನೆಲದಿಂದ ಗುಡಿಸಿ ತಂದಿಟ್ಟಿದ್ದ ಅರಿಸಿನವನ್ನೇ ಬಳಿದು ಕುಂಕುಮ ಹಚ್ಚಿದಳು. ರಸ್ತೆಯ ಆಚೆಗೆ ನೋಡಿ ಕೈ ಮುಗಿದಳು.

"ಸಿಟ್ಟಾಗಬ್ಯಾಡವ್ವಾ. ನೀ ಅಲ್ಲೇ ಆರಾಮ ಕುಂದ್ರು. ನಿನ್ನ ಮಂದಿ ಈ ಕಡೆ ನೋಡ್ಲಿ."

ಅಪ್ಪಾಸಾಬ ಎಲ್ಲವನ್ನೂ ನೋಡಿದ. ತನ್ನ ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಫೋಟೋದಿಂದ ಒಂದು ಚೆಂಡುಹೂವು ಕಿತ್ತು ತಂದು ಕಲ್ಲಿನ ನೆತ್ತಿಗೆ ಇಟ್ಟ.

ಕಾಲಿನ ಪ್ಲಾಸ್ಟರು ಬಿಚ್ಚಿ, ನಡೆದು ರೂಢಿಯಾಗಿ, ಶಿದ್ರಾಮ ಮೊದಲ ಸಲ ಸೈಕಲ್ಲು ಹತ್ತಿದ ದಿನ ಕಾಡವ್ವ ಕೇಳದೆಯೇ ಹಿಂದಿನ ಕ್ಯಾರಿಯರ್ ಏರಿದಳು.

"ನೀ ಯಾಕ? ಭಾರ ಆಗ್ತೈತಿ."

"ಚೀಲ ಹೊರಾವ್ರಿಗೆ ನಾ ಭಾರೇನ್ರಿ? ನಡೀರಿ."

ಅಷ್ಟರಲ್ಲಿ ಆ ಕಲ್ಲಿಗೆ ಯಾರೋ ಇಟ್ಟಿಗೆಯ ಕಟ್ಟೆ ಕಟ್ಟಿದ್ದರು. ಇನ್ನಾರೋ ಹಸಿರು ಬಳೆ ಇಟ್ಟಿದ್ದರು, ತೆಂಗಿನಕಾಯಿ ಒಡೆದಿದ್ದರು. ಶಿದ್ರಾಮ ದೂರದಿಂದಲೇ ಕಂಡ.

"ಇದ್ಯಾವಾಗ ಆತು?"

ಕಾಡವ್ವ ಅವನ ಅಂಗಿಯನ್ನು ಗಟ್ಟಿಯಾಗಿ ಹಿಡಿದಳು. ಹಿಂದಿನಿಂದ ಲಾರಿಯ ಸದ್ದು ಹತ್ತಿರವಾಗುತ್ತಿತ್ತು. ಶಿದ್ರಾಮನ ಕೈ ಹ್ಯಾಂಡಲ್ ಬಿಟ್ಟು ಎದೆಗೆ ಹೋಯಿತು. ಸೈಕಲ್ಲು ಎಡಕ್ಕೆ ವಾಲಿ ಡಾಂಬರು ಬಿಟ್ಟು ಮಣ್ಣಿಗಿಳಿಯಿತು, ಇಳಿಬಿಟ್ಟ ಅವಳ ಕಾಲಿಗೆ ದಂಡೆಯ ಹುಲ್ಲು ತಾಗಿತು.