ಅನಂತರಾಮಯ್ಯನವರ ಅಗ್ಗದ ಸ್ಪ್ಯಾನರು

ಸಾವಿರದ ಒಂಬೈನೂರ ಐವತ್ತೆಂಟರ ಬೇಸಿಗೆಯಲ್ಲಿ ಚಿಂತಾಮಣಿಯ ಗುಮಾಸ್ತ ಅನಂತರಾಮಯ್ಯನವರಿಗೆ ತಮ್ಮ ಸೈಕಲ್ಲನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಹುಮ್ಮಸ್ಸು ಬಂತು. ಸಂತೆಗೆ ಹೋಗಿ ಎಲ್ಲಕ್ಕಿಂತ ಅಗ್ಗದ ಸ್ಪ್ಯಾನರನ್ನೇ ಆರಿಸಿ ತಂದರು. ಭಾನುವಾರ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ, ಹಿಂದಿನ ಚಕ್ರದ ನಟ್ಟಿಗೆ ಅದನ್ನು ಹಾಕಿ ಬಲವಾಗಿ ತಿರುಗಿಸಿದರು. ನಟ್ಟು ಅಲುಗಲಿಲ್ಲ, ಸ್ಪ್ಯಾನರಿನ ಬಾಯಿಯೇ ಅಗಲವಾಯಿತು.

“ನಟ್ಟು ಬಹಳ ಗಟ್ಟಿ ಕಣೇ,” ಎಂದರು ಹೆಂಡತಿಗೆ.

“ನಟ್ಟನ್ನ ಆರಿಸಿದ್ದು ನೀವಲ್ವಲ್ಲ, ಅದಕ್ಕೇ,” ಎಂದರು ಪದ್ಮಮ್ಮ.

ಅನಂತರಾಮಯ್ಯನವರು ಸ್ಪ್ಯಾನರನ್ನೂ ತೆಗೆದುಕೊಂಡು ಸೈಕಲ್ಲನ್ನು ಬಾಬಾಜಾನ್ ಸಾಬರ ರಿಪೇರಿ ಅಂಗಡಿಗೆ ತಳ್ಳಿಕೊಂಡು ಹೋದರು. ಸಾಬರು ತಮ್ಮ ಸ್ಪ್ಯಾನರಿನಿಂದ ಒಂದೇ ಪಟ್ಟಿಗೆ ನಟ್ಟು ಬಿಚ್ಚಿ, ಬಾಯಿ ಅಗಲವಾದ ಆ ಸ್ಪ್ಯಾನರನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಎಲ್ಲಿ ಸಿಗ್ತದೆ ಸ್ವಾಮಿ?”

“ಯಾಕೆ, ನಿಮಗೂ ಬೇಕಾ?”

“ನನಗಲ್ಲ. ಕೇಳ್ದೋರಿಗೆಲ್ಲ ಹೇಳಣ ಅಂತ. ಆಮೇಲೆ ಅವರೂ ಇಲ್ಲಿಗೇ ಬರ್ತಾರೆ.”

ಅನಂತರಾಮಯ್ಯನವರಿಗೂ ನಗು ತಡೆಯಲಾಗಲಿಲ್ಲ.